ಅಡುಗೆಮನೆ ಕಟ್ಟೆ: ಒಂದೇ ತಟ್ಟೆ, ನಾಲ್ಕು ಕೈ

ಪ್ರಶ್ನೆ: ಮುಂದಿನ ತಿಂಗಳು ನಾನೂ ನಮ್ಮ ಯಜಮಾನರೂ ಅಮೆರಿಕದ ವಾಷಿಂಗ್ಟನ್ ಬಳಿ ಇರುವ ಮಗನ ಮನೆಗೆ ಹೋಗುತ್ತಿದ್ದೇವೆ. ಒಂದು ಸಂಜೆ ಇಥಿಯೋಪಿಯಾ ಊಟದ ಹೋಟೆಲಿಗೆ ಹೋಗೋಣ ಎಂದು ಸೊಸೆ ಈಗಲೇ ಹೇಳಿಟ್ಟಿದ್ದಾಳೆ. ಅಲ್ಲಿ ಎಲ್ಲರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರಂತೆ. ನಾವು ಸಸ್ಯಾಹಾರಿಗಳು, ಎಂಜಲು ಮುಸುರೆ ನೋಡುವವರು. ಒಲ್ಲೆ ಎಂದರೆ ಅವಳಿಗೆ ಬೇಸರ. ಏನು ಮಾಡಲಿ ಅಕ್ಕಾ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಹೋಗಿ ಬನ್ನಿ ತಂಗಿ. ಎರಡು ವರ್ಷದ ಹಿಂದೆ ನನ್ನ ಮಗಳು ಅದೇ ಊರಿನಲ್ಲಿ ಅಂಥದೇ ಹೋಟೆಲಿಗೆ ಕರೆದೊಯ್ದಾಗ ನಾನು ಚೀಲದಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ ಬಚ್ಚಿಟ್ಟುಕೊಂಡು ಹೋಗಿದ್ದೆ. ಅದರ ಮುಚ್ಚಳ ತೆಗೆಯುವ ಪ್ರಸಂಗ ಬರಲಿಲ್ಲ.

ಮೊದಲು ಒಂದು ಎಚ್ಚರಿಕೆ. ಮೇಜಿಗೆ ಬರುವ ದೊಡ್ಡ ದುಂಡು ತಟ್ಟೆಯ ತುಂಬ ಮೆತ್ತಗಿನ, ಕಣ್ಣು ಕಣ್ಣಾದ ರೊಟ್ಟಿ ಹಾಸಿರುತ್ತಾರೆ. ಅದರ ಹೆಸರು ಇಂಜೆರಾ. ನೋಡಿದ ಕೂಡಲೇ ನಮ್ಮ ಕಣ್ಣು ದೋಸೆ ಎನ್ನುತ್ತದೆ, ನಾಲಿಗೆ ಒಪ್ಪುವುದಿಲ್ಲ. ದಾವಣಗೆರೆಯವಳಾದ ನನಗೆ ದೋಸೆ ಎಂದರೆ ಗರಿಗರಿ ಅಂಚು, ಮೇಲೆ ಬೆಣ್ಣೆ. ಇದು ತಣ್ಣಗೆ, ಒದ್ದೆ ಬಟ್ಟೆಯ ಹಾಗೆ ಮೃದು, ಮೇಲಾಗಿ ಒಳ್ಳೆಯ ಹುಳಿ. ಟೆಫ್ ಎಂಬ, ರಾಗಿಗಿಂತಲೂ ಸಣ್ಣ ಕಾಳಿನ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ, ಮಗುಚಿ ಹಾಕದೆ ಒಂದೇ ಮಗ್ಗುಲು ಬೇಯಿಸುತ್ತಾರೆ. ಮೊದಲ ತುಂಡಿಗೆ ನಾನು ಮುಖ ಸಿಂಡರಿಸಿದೆ. ಪಲ್ಯದ ಜೊತೆ ಬಾಯಿಗಿಟ್ಟಾಗ ಹುಳಿಯ ಅರ್ಥ ಗೊತ್ತಾಯಿತು. ಆದ್ದರಿಂದ ಅದನ್ನು ಬರಿದೇ ತಿಂದು ತೀರ್ಪು ಕೊಡಬೇಡಿ.

ಸಸ್ಯಾಹಾರದ ಚಿಂತೆ ನೀವು ಅಂದುಕೊಂಡಷ್ಟಿಲ್ಲ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮತ್ತು ಈಸ್ಟರ್‌ಗೆ ಮೊದಲಿನ 55 ದಿನ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು ಬೆಣ್ಣೆಯನ್ನೂ ಮುಟ್ಟುವುದಿಲ್ಲ. ಆ ಉಪವಾಸದ ಊಟಕ್ಕೆ ಯೆತ್ಸೋಮ್ ಬೆಯಾಯ್ನೆತು ಎನ್ನುತ್ತಾರೆ. ಹೆಸರು ಬಾಯಿಗೆ ಬಾರದಿದ್ದರೆ ಸೊಸೆಗೇ ಬಿಡಿ. ಇಂಜೆರಾದ ಮೇಲೆ ಅಲ್ಲಲ್ಲಿ ಗುಪ್ಪೆ ಗುಪ್ಪೆಯಾಗಿ ಬಡಿಸುತ್ತಾರೆ: ಬೆರ್ಬೆರೆ ಎಂಬ ಖಾರದ ಮಸಾಲೆಯಲ್ಲಿ ಬೆಂದ ಕೆಂಪು ಮಸೂರಬೇಳೆ, ಅರಿಸಿನ ಹಾಕಿದ ಹಳದಿ ಬೇಳೆ, ಸೊಪ್ಪು, ಎಲೆಕೋಸು ಕ್ಯಾರೆಟ್ ಪಲ್ಯ. ಶಿರೋ ಎಂಬ ಕಡಲೆಹಿಟ್ಟಿನ ಗೊಜ್ಜು ಬಂದಾಗ ನನಗೆ ನಮ್ಮ ಜುಣಕ ನೀರಾದಂತೆ ಕಂಡಿತು, ಎರಡು ಸಲ ಹಾಕಿಸಿಕೊಂಡೆ. ಆದರೆ ಬೋಜೆನಾ ಶಿರೋ ಎಂದಿದ್ದರೆ ಬೇಡವೆನ್ನಿ, ಅದರಲ್ಲಿ ಮಾಂಸವಿರುತ್ತದೆ. ಮೀನು ಇದೆಯೇ ಎಂದೂ ಕೇಳಿಸಿ. ಅಡುಗೆಮನೆ ಒಂದೇ, ಅಲ್ಲಿ ಕೋಳಿಯೂ ಬೇಯುತ್ತದೆ. ಅದು ನಿಮಗೆ ಆಗದು ಎಂದಾದರೆ ಈಗಲೇ ಸೊಸೆಗೆ ಹೇಳಿಬಿಡಿ, ಹೋಟೆಲಿನ ಬಾಗಿಲಲ್ಲಿ ನಿಂತು ಹೇಳಬೇಡಿ.

ಇನ್ನು ಎಂಜಲು. ನಿಮ್ಮ ನಿಜವಾದ ಪ್ರಶ್ನೆ ಇದೇ ಎಂದು ನನಗೆ ಗೊತ್ತು. ಬಲಗೈಯಿಂದ ಇಂಜೆರಾದ ಚೂರು ಹರಿದು, ಅದರಲ್ಲೇ ಪಲ್ಯವನ್ನು ಹಿಡಿದು ಬಾಯಿಗಿಡುವುದು ಕ್ರಮ. ಅವರವರ ಮುಂದಿನ ಭಾಗದಿಂದ ಅವರವರು ತೆಗೆದುಕೊಳ್ಳುತ್ತಾರೆ. ಹರಿದುಕೊಳ್ಳಲು ಸುರುಳಿ ಸುತ್ತಿದ ಇಂಜೆರಾವನ್ನು ಬೇರೆಯಾಗಿಯೂ ಕೊಡುತ್ತಾರೆ. ಬೆರಳು ನೆಕ್ಕದಿದ್ದರೆ ಆಯಿತು. ನನ್ನ ಎದುರಿಗಿದ್ದ ಅಳಿಯ ನೆಕ್ಕುತ್ತಿದ್ದ, ನಾನು ನನ್ನ ಗಡಿಯನ್ನು ಸೊಪ್ಪಿನ ಪಲ್ಯದವರೆಗೆ ಮಾತ್ರ ಇಟ್ಟುಕೊಂಡೆ. ಅಷ್ಟೂ ಆಗದೆಂದರೆ ಇನ್ನೊಂದು ತಟ್ಟೆ ಕೇಳಿ. ಕೊಡುತ್ತಾರೆ, ಯಾರೂ ಮುನಿಸಿಕೊಳ್ಳುವುದಿಲ್ಲ.

ಒಂದು ಮಾತ್ರ ಹೇಳದೆ ಬಿಟ್ಟರೆ ನೀವು ನನ್ನನ್ನು ಬೈದುಕೊಳ್ಳುತ್ತೀರಿ. ತುತ್ತು ಮಾಡಿ ಪಕ್ಕದವರ ಬಾಯಿಗಿಡುವ ಪದ್ಧತಿ ಅವರಲ್ಲಿದೆ. ಹೆಸರು ಗುರ್ಷಾ, ಪ್ರೀತಿಯ, ಗೌರವದ ಗುರುತು. ಮಗಳು ಇದನ್ನು ಎಲ್ಲಿಯೋ ಕಲಿತು ಬಂದು ತುತ್ತು ಹಿಡಿದು ನನ್ನ ಬಾಯಿಯ ಹತ್ತಿರ ತಂದಳು. ಅವಳಿಗೆ ನಾನು ಕೈತುತ್ತು ಹಾಕುವುದು ಬಿಟ್ಟು ಇಪ್ಪತ್ತೈದು ವರ್ಷವಾಗಿರಬೇಕು. ಬಾಯಿ ತೆರೆದೆ. ಎಂಜಲಿನ ವಿಚಾರ ಮನೆಗೆ ಬಂದ ಮೇಲೆ ನೆನಪಾಯಿತು.

ಹೊತ್ತಿದ್ದರೆ ಕಾಫಿಗೂ ಕೂತುಕೊಳ್ಳಿ. ಕೆಲವು ಕಡೆ ಹಸಿಬೀಜವನ್ನು ಎದುರಿಗೇ ಹುರಿದು, ಧೂಪ ಹಾಕಿ, ಮೂರು ಸುತ್ತು ಕೊಡುತ್ತಾರೆ. ಹಾಲಿರುವುದಿಲ್ಲ. ಜೊತೆಗೆ ಪಾಪ್‌ಕಾರ್ನ್! ಮೆಕ್ಕೆಜೋಳದ ಜಿಲ್ಲೆಯವಳಾಗಿಯೂ ನನಗೆ ಕಾಫಿಗೆ ಅದನ್ನು ನೆಂಚಿಕೊಳ್ಳಬಹುದೆಂದು ಹೊಳೆದಿರಲಿಲ್ಲ.

ಪ್ರಶ್ನೆ: ಇಂಜೆರಾವನ್ನು ರಾಗಿಯಲ್ಲಿ ಮಾಡಬಹುದೇ?
– ಓದುಗರೊಬ್ಬರು, ಹರಿಹರ

ಉತ್ತರ: ಊರಿಗೆ ಬಂದ ವಾರವೇ ಮಾಡಿ ನೋಡಿದೆ. ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡೇ ಅಲ್ಲವೇ, ಒಗ್ಗೀತು ಎಂಬ ಆಸೆ. ಬರೀ ರಾಗಿ ಹಿಟ್ಟು ಕಾವಲಿಯ ಮೇಲೆ ಒಡೆದು ಚೂರಾಯಿತು. ಮೂರು ಪಾಲಿಗೆ ಒಂದು ಪಾಲು ಗೋಧಿ ಹಿಟ್ಟು ಬೆರೆಸಿ, ಎರಡು ದಿನ ಹುಳಿ ಬರಿಸಿ, ಮುಚ್ಚಳ ಮುಚ್ಚಿ ಬೇಯಿಸಿದಾಗ ಕಣ್ಣು ಬಂದವು, ಎಬ್ಬಿಸಿದರೆ ಹರಿಯಲೂ ಇಲ್ಲ. ನಮ್ಮ ಯಜಮಾನರು ಅದಕ್ಕೆ ಚಟ್ನಿ ಎಲ್ಲಿ ಎಂದು ಕೇಳಿದರು.