ಓದುಗರ ಪ್ರಶ್ನೆ: ಸಿಪ್ಪೆಯಲ್ಲಿ ಎಣ್ಣೆ ಮೊದಲು, ಉಳಿದದ್ದು ಆಮೇಲೆ

ಪ್ರಶ್ನೆ: ಡೊಂಬಿವಲಿಯಲ್ಲಿ ನಮ್ಮದು ಜ್ಯೂಸ್ ಸೆಂಟರ್. ದಿನಾ ಐದಾರು ಕಿಲೋ ಮೂಸಂಬಿ ಸಿಪ್ಪೆ ಉಳಿಯುತ್ತದೆ. ರಾತ್ರಿ ನೀರಲ್ಲಿ ಕುದಿಸಿ ಹಬೆ ಇಳಿಸಿದರೆ ನಾಲ್ಕು ಹನಿ ಎಣ್ಣೆ, ಅದಕ್ಕೂ ಬೇಯಿಸಿದ ವಾಸನೆ. ಏನು ತಪ್ಪು?

ಉತ್ತರ: ಸಿಪ್ಪೆ ರಾತ್ರಿವರೆಗೆ ಕಾದದ್ದು ಒಂದು ತಪ್ಪು, ನೀರಲ್ಲಿ ಮುಳುಗಿ ಬೆಂದದ್ದು ಇನ್ನೊಂದು. ಎಣ್ಣೆ ಇರುವುದು ಬಣ್ಣದ ಹೊರಪದರದ ಸಣ್ಣ ಗುಳ್ಳೆಗಳಲ್ಲಿ. ಒಡೆದ ಗುಳ್ಳೆಯ ಎಣ್ಣೆ ಗಾಳಿಗೆ ಹಾರಿಹೋಗುತ್ತದೆ. ಮುಂಬಯಿ ಸೆಕೆಗೆ ಸಿಪ್ಪೆಯ ರಾಶಿ ಸಂಜೆಯೊಳಗೆ ಹುಳಿಯತೊಡಗುತ್ತದೆ. ಆ ಹುಳಿನೀರಲ್ಲಿ ಕುದಿಸಿದಾಗ ಎಣ್ಣೆಯ ಮುಖ್ಯ ಭಾಗವಾದ ಲಿಮೊನೀನ್ ಟರ್ಪಿನಿಯಾಲ್ ಎಂಬ ಬೇರೆ ವಸ್ತುವಾಗಿ ಬದಲಾಗುತ್ತದೆ; ನಿಮಗೆ ಬಂದ ಬೇಯಿಸಿದ ವಾಸನೆಗೆ ಅದೂ ಒಂದು ಕಾರಣ.

ತೊಳೆದ ಹಣ್ಣಿನ ಹೊರಪದರವನ್ನಷ್ಟೇ ತೆಳ್ಳಗೆ ಹೆರೆದು ಕೂಡಲೇ ಒಲೆಗಿಡಿ. ಇಡ್ಲಿ ಪಾತ್ರೆಯಲ್ಲಿ ಎರಡು ಲೀಟರ್ ನೀರು ಹಾಕಿ, ನೀರಿಗೆ ತಾಗದಂತೆ ಮೇಲಿನ ತೂತಿನ ತಟ್ಟೆಯಲ್ಲಿ ಒಂದು ಕಿಲೋ ಸಿಪ್ಪೆಯನ್ನು ಸಡಿಲವಾಗಿ ಹರಡಿ. ಮುಚ್ಚಳಕ್ಕೆ ಸ್ಟೀಲ್ ಕೊಳವೆ ಕೂರಿಸಿ, ಅದರ ಸುರುಳಿಯನ್ನು ಐಸ್ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ. ರಬ್ಬರ್ ಬೇಡ, ಲಿಮೊನೀನ್‌ಗೆ ಅದು ಉಬ್ಬುತ್ತದೆ. ಕೊಳವೆಯ ಬಾಯಿ ಎಲ್ಲಿಯೂ ಕಟ್ಟದಿರಲಿ, ಕಟ್ಟಿದರೆ ಪಾತ್ರೆಯೇ ಸಿಡಿಯಬಹುದು. ಎಣ್ಣೆ ಹೊತ್ತಿಕೊಳ್ಳುವ ವಸ್ತು, ಆದ್ದರಿಂದ ಅದು ತೊಟ್ಟಿಕ್ಕುವ ಬಾಟಲಿ ಉರಿಯಿಂದ ದೂರವಿರಬೇಕು. ಹೆಚ್ಚಿನ ಎಣ್ಣೆ ಮೊದಲ ಅರ್ಧ ಗಂಟೆಯಲ್ಲೇ ಇಳಿಯುತ್ತದೆ. ಒಂದೂವರೆ ಗಂಟೆಗೆ ನಿಲ್ಲಿಸಿ. ಕಿಲೋಗೆ ಐದು ಮಿಲಿಲೀಟರ್ ಬಂದರೆ ಕೈಕೆಲಸ ಚೆನ್ನಾಗಿದೆ ಎಂದೇ ಅರ್ಥ. ಎಣ್ಣೆ ನೀರಿನ ಮೇಲೆ ತೇಲುತ್ತದೆ. ಬಾಟಲಿಯನ್ನು ಮುಕ್ಕಾಲು ತುಂಬಿಸಿ ಫ್ರೀಜರ್‌ನಲ್ಲಿಟ್ಟರೆ ನೀರು ಗಡ್ಡೆ ಕಟ್ಟುತ್ತದೆ, ಎಣ್ಣೆ ದ್ರವವಾಗಿಯೇ ಉಳಿಯುತ್ತದೆ. ಆಗ ಬಗ್ಗಿಸಿಕೊಳ್ಳುವುದು ಸುಲಭ.

ಪ್ರಶ್ನೆ: ಪುಣೆಯಲ್ಲಿ ಕಿತ್ತಳೆ ಸಿಪ್ಪೆಯ ಎಣ್ಣೆ ತೆಗೆಯುತ್ತೇನೆ. ಆಂಟಿಆಕ್ಸಿಡೆಂಟ್‌ಗಳೂ ಎಣ್ಣೆಯ ಜೊತೆ ಬರುತ್ತವೆಯೇ?

ಉತ್ತರ: ಅವುಗಳಲ್ಲಿ ಮುಖ್ಯವಾದ ಹೆಸ್ಪೆರಿಡಿನ್ ಬರುವುದಿಲ್ಲ. ಅದು ಹಬೆಯ ಜೊತೆ ಏಳದೆ ಸಿಪ್ಪೆಯಲ್ಲೇ, ಅದರಲ್ಲೂ ನೀವು ಎಸೆಯುವ ಬಿಳಿ ಪದರದಲ್ಲಿ ಧಾರಾಳವಾಗಿ ಉಳಿಯುತ್ತದೆ. ತಣ್ಣೀರಿಗೆ ಕರಗುವುದಿಲ್ಲ. ಸಿಪ್ಪೆಯನ್ನು ನೆರಳಲ್ಲಿ ಅಥವಾ 50 ಡಿಗ್ರಿಯೊಳಗಿನ ಶಾಖದಲ್ಲಿ ಒಣಗಿಸಿ ಪುಡಿ ಮಾಡಿ. 10 ಗ್ರಾಂ ಪುಡಿಗೆ 100 ಮಿಲಿಲೀಟರ್ 70 ಶೇಕಡಾ ಎಥನಾಲ್ (ಮದ್ಯಸಾರ) ಸೇರಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು, 50 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟು ಸೋಸಿ. ಹತ್ತಿರ ಉರಿ ಬೇಡವೇ ಬೇಡ. ಮಹಾರಾಷ್ಟ್ರದಲ್ಲಿ ಶುದ್ಧ ಎಥನಾಲ್ ಇಟ್ಟುಕೊಳ್ಳಲು ಅಬಕಾರಿ ಪರವಾನಗಿ ಬೇಕು. ಅದಿಲ್ಲವೆಂದು ಕುಡಿಯದಂತೆ ವಿಷ ಬೆರೆಸಿದ ಡಿನೇಚರ್ಡ್ ಸ್ಪಿರಿಟ್ ಬಳಸಿದರೆ ಅದರ ಮಿಥನಾಲ್ ವಿಷ ಸಾರದಲ್ಲೂ ಉಳಿದೀತು.

ಎಥನಾಲ್ ಇಲ್ಲದೆಯೂ ಹಳೆಯ ದಾರಿಯೊಂದಿದೆ: ಸುಣ್ಣ. ಸಿಪ್ಪೆ ನೆನೆಸಿದ ಸುಣ್ಣದ ತಿಳಿಯಲ್ಲಿ ಪಿಎಚ್ (ಹುಳಿ-ಕ್ಷಾರದ ಅಳತೆ) 11 ದಾಟಿದಾಗ ಹೆಸ್ಪೆರಿಡಿನ್ ಕರಗುತ್ತದೆ. ಸಿಪ್ಪೆಯ ಅಂಟು ಅಂಶವಾದ ಪೆಕ್ಟಿನ್ ಮಾತ್ರ ಸುಣ್ಣದ ಜೊತೆ ಗಟ್ಟಿಯಾಗುವುದರಿಂದ ನೀರು ಲೋಳೆಯಾಗದೆ ಬೇಗ ಸೋಸಿ ಬರುತ್ತದೆ. ಸೋಸಿದ ನೀರಿಗೆ ಆಮ್ಲ ಬೆರೆಸಿ ಪಿಎಚ್ 4–5ಕ್ಕೆ ಇಳಿಸಿ, ಒಂದೆರಡು ದಿನ ಅಲುಗಿಸದೆ ಬಿಟ್ಟರೆ ಹಳದಿ ಪುಡಿ ತಳಕ್ಕೆ ಕೂರುತ್ತದೆ. ಕ್ಷಾರದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಗಾಳಿ ತಾಗಿ ಕಂದಾಗುತ್ತದೆ. ಹೀಗೆ ಸಿಕ್ಕ ಪುಡಿ ಕಚ್ಚಾ ಮಾಲು, ತಿನ್ನಲು ಅಲ್ಲ.

ಪ್ರಶ್ನೆ: ಮಡಗಾಂವ್‌ನಲ್ಲಿದ್ದೇವೆ. ಹಿಂಡಿ ತೆಗೆದ ನಿಂಬೆ ಎಣ್ಣೆ ಕೈಗೆ ಹಚ್ಚಿಕೊಂಡು ಸಮುದ್ರತೀರಕ್ಕೆ ಹೋಗಬಹುದೇ?

ಉತ್ತರ: ಬೇಡ. ಹಿಂಡಿದ ಎಣ್ಣೆಯಲ್ಲಿರುವ ಬರ್ಗಾಪ್ಟನ್‌ನಂಥ ಅಂಶಗಳು ಬಿಸಿಲು ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಎಬ್ಬಿಸುತ್ತವೆ. ಹಬೆಯಲ್ಲಿ ಇಳಿಸಿದ ಎಣ್ಣೆಗೆ ಆ ತೊಂದರೆ ಬಹುಮಟ್ಟಿಗೆ ಇಲ್ಲ. ಆದರೆ ಹಳತಾಗಿ ಗಾಳಿ ತಾಗಿದ ಯಾವ ಎಣ್ಣೆಯೂ ಅಲರ್ಜಿ ತರಬಹುದು; ಕಂದು ಗಾಜಿನ ಬಾಟಲಿಯಲ್ಲಿ ತುಂಬಿಸಿ, ತಂಪಿನಲ್ಲಿಡಿ.