ಐಸಿಯು ಕೆಲಸ ಮನಸ್ಸಿಗೆ ಒಗ್ಗುತ್ತಿಲ್ಲ, ನರ್ಸಿಂಗೇ ಬಿಟ್ಟುಬಿಡಲಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಐಸಿಯು ಬಿಡಿ. ನರ್ಸಿಂಗ್ ಬಿಡುವ ಮಾತು ಆಮೇಲೆ ನೋಡೋಣ.

ನೀವು ಬರೆದಿದ್ದು ಇಷ್ಟು: ಬಿಎಸ್ಸಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದೀರಿ. ರಜೆ ಹಾಕಿ ಊರಿಗೆ ಹೋಗಿ ಬಂದರೂ ಸರಿಹೋಗುತ್ತಿಲ್ಲ. ಉಳಿಯಲ್ಲ ಅಂತ ಎಲ್ಲರಿಗೂ ಗೊತ್ತಿರುವ ಪೇಷಂಟ್‌ಗೆ ದಿನಾ ಚುಚ್ಚುವುದು ಪಾಪ ಅನಿಸುತ್ತಿದೆ. ಮನೆಯಲ್ಲಿ ಹೇಳಿದರೆ 'ಯಾವ ಕೆಲಸದಲ್ಲಿ ಟೆನ್ಷನ್ ಇಲ್ಲ?' ಅಂತಾರೆ.

ಟೆನ್ಷನ್ ಬೇರೆ, ನಿಮಗೆ ಆಗುತ್ತಿರುವುದು ಬೇರೆ. ನೈಟ್ ಡ್ಯೂಟಿ, ಕಾಲುನೋವು, ಇನ್‌ಚಾರ್ಜ್ ಬೈಗುಳ, ಇದೆಲ್ಲ ಸರಿಯಾಗಿ ಎರಡು ದಿನ ನಿದ್ದೆ ಮಾಡಿದರೆ ಸ್ವಲ್ಪ ಇಳಿಯುತ್ತದೆ. ಆದರೆ ಯಾವುದು ಸರಿ ಅಂತ ಗೊತ್ತಿದ್ದೂ ಅದನ್ನು ಮಾಡಲು ಬಿಡದ ಜಾಗದಲ್ಲಿ ನಿಂತು, ಉಲ್ಟಾ ಕೆಲಸಕ್ಕೆ ನಮ್ಮದೇ ಕೈ ಕೊಡಬೇಕಾದಾಗ ಆಗುವ ಸಂಕಟ ನಿದ್ದೆ ಮಾಡಿದರೂ ಹೋಗಲ್ಲ. ಇದಕ್ಕೆ ಮಾರಲ್ ಡಿಸ್ಟ್ರೆಸ್ ಅಂತ 1984ರಲ್ಲೇ ಆಂಡ್ರ್ಯೂ ಜೇಮ್ಟನ್ ಎಂಬ ಅಮೆರಿಕದ ತತ್ವಶಾಸ್ತ್ರಜ್ಞ ನರ್ಸ್‌ಗಳ ವಿಷಯದಲ್ಲೇ ಬರೆದರು. 2009ರಲ್ಲಿ ಎಪ್‌ಸ್ಟೀನ್ ಮತ್ತು ಹ್ಯಾಮ್ರಿಕ್ ಅನ್ನುವವರು ಇನ್ನೊಂದು ಮಾತು ಸೇರಿಸಿದರು: ಒಂದು ಕೇಸ್ ಮುಗಿದರೂ ಒಳಗೆ ಸ್ವಲ್ಪ ಉಳಿದುಬಿಡುತ್ತದೆ, ಮುಂದಿನದು ಅದರ ಮೇಲೆ ಬಂದು ಕೂರುತ್ತದೆ. ಹಾಗಾಗಿ 'ಮೊದಮೊದಲು ಹಾಗೆ, ಅಭ್ಯಾಸ ಆಗತ್ತೆ' ಅಂತ ಸೀನಿಯರ್‌ಗಳು ಹೇಳುವುದನ್ನು ಜಾಸ್ತಿ ನಂಬಬೇಡಿ.

ನಾನು ಹೇಳುವುದು ಬರೀ ಪುಸ್ತಕದ್ದಲ್ಲ. ನಾನಿದ್ದ ಐಸಿಯುನಲ್ಲಿ ಒಬ್ಬ ಅಜ್ಜ ಇದ್ದರು. ಟ್ಯೂಬ್ ಕಿತ್ತುಕೊಳ್ಳುತ್ತಾರೆ ಅಂತ ಎರಡೂ ಕೈಯನ್ನು ಗಾಜ್ ಬ್ಯಾಂಡೇಜಿನಿಂದ ಬೆಡ್ ರೇಲಿಗೆ ಕಟ್ಟಿತ್ತು. ನಾನು ಕಫ ಎಳೆಯುವ ಸಕ್ಷನ್ ಕ್ಯಾಥಿಟರ್ ಕೈಗೆ ತೆಗೆದುಕೊಂಡರೆ ಸಾಕು, ಕಣ್ಣು ಅಗಲ ಮಾಡಿ ಮುಖ ಆ ಕಡೆ ತಿರುಗಿಸುತ್ತಿದ್ದರು. ಗಂಟಲಲ್ಲಿ ಟ್ಯೂಬ್, ಬೇಡ ಅನ್ನಲು ಅವರಿಗೆ ಉಳಿದಿದ್ದು ಅದೊಂದೇ ದಾರಿ. ಬ್ಯಾಂಡೇಜ್ ಸಡಿಲ ಮಾಡಿ ನೋಡಿದರೆ ಮಣಿಕಟ್ಟಿನ ಚರ್ಮ ಸುಲಿದು ನೀರಾಡುತ್ತಿತ್ತು. ವಿಸಿಟಿಂಗ್ ಟೈಮಲ್ಲಿ ಮಗ ಬಂದು 'ಸಿಸ್ಟರ್, ಅಪ್ಪಂಗೆ ನೋವಾಗ್ತಿದ್ಯಾ?' ಅಂತ ಕೇಳುವುದು ನನ್ನನ್ನೇ. ಡಾಕ್ಟರ್ ರೌಂಡ್ಸ್‌ಗೆ ಬಂದು ಹೋಗುತ್ತಾರೆ, ಇಡೀ ಶಿಫ್ಟ್ ಬೆಡ್ ಪಕ್ಕ ಇರುವವರು ನಾವು. ಆದರೆ ಪ್ರಾಗ್ನೋಸಿಸ್, ಅಂದರೆ ಪೇಷಂಟ್ ಉಳಿಯುತ್ತಾರಾ ಇಲ್ವಾ ಅನ್ನುವುದರ ಬಗ್ಗೆ ನರ್ಸ್ ಬಾಯಿ ಬಿಡಬಾರದು ಅಂತ ಮೊದಲೇ ತಾಕೀತಾಗಿರುತ್ತದೆ. ಹೊರಗೆ ಬೆಂಚಿನ ಮೇಲೆ ಆ ಮಗ ಬಿಲ್ ಕಟ್ಟಲು ಹೊಲ ಯಾರಿಗೆ ಮಾರೋಣ ಅಂತ ಫೋನಲ್ಲಿ ಮಾತಾಡುತ್ತಿರುವುದು ಕೇಳಿಸುತ್ತಿತ್ತು.

ಈಗ ಒಂದು ವಿಷಯ ಬದಲಾಗಿದೆ, ನಿಮ್ಮ ಆಸ್ಪತ್ರೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ಗುಣವಾಗುವ ಆಸೆಯೇ ಇಲ್ಲದ ಪೇಷಂಟ್‌ಗೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ಆ ನಿಯಮಗಳನ್ನು ಸುಲಭ ಮಾಡಿತು. ಅದನ್ನು ಜಾರಿ ಮಾಡಲು ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ ಕೊನೆಗೆ ಆದೇಶ ಹೊರಡಿಸಿದೆ. ಮೂವರು ಡಾಕ್ಟರ್‌ಗಳ ಒಂದು ಬೋರ್ಡ್ ನೋಡಬೇಕು, ಆಮೇಲೆ ಮೂವರ ಇನ್ನೊಂದು ಬೋರ್ಡ್, ಮನೆಯವರ ಒಪ್ಪಿಗೆ ಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇದು ಇಂಜೆಕ್ಷನ್ ಕೊಟ್ಟು ಸಾಯಿಸುವುದಲ್ಲ, ಆ ಗೊಂದಲ ಡಾಕ್ಟರ್‌ಗಳಲ್ಲೇ ಇದೆ. ನೀವು ತೀರ್ಮಾನ ಮಾಡಲು ಆಗಲ್ಲ, ಮನೆಯವರಿಗೆ ನೀವೇ ಹೋಗಿ ಹೇಳುವುದೂ ಬೇಡ. ಆದರೆ ರೌಂಡ್ಸ್‌ನಲ್ಲಿ 'ಸರ್, ಫ್ಯಾಮಿಲಿ ಜೊತೆ ಈ ಬಗ್ಗೆ ಮಾತಾಡಿದ್ದೀರಾ? ಪಾಲಿಯೇಟಿವ್ ಟೀಮ್‌ಗೆ ರೆಫರ್ ಮಾಡಬಹುದಾ?' ಅಂತ ಕೇಳಬಹುದು. ಪಾಲಿಯೇಟಿವ್ ಅಂದರೆ ನೋವು, ಸಂಕಟ ಕಡಿಮೆ ಮಾಡುವ ಆರೈಕೆ. ಒಬ್ಬರೇ ಕೇಳಿದರೆ ಗದರುತ್ತಾರೆ. ಇನ್‌ಚಾರ್ಜ್ ಜೊತೆ ಮೊದಲೇ ಮಾತಾಡಿಕೊಂಡು ಇಬ್ಬರು ಮೂವರು ಕೇಳಿ.

ಇನ್ನು ಸ್ಟಾಫ್ ಕೊರತೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದಲ್ಲಿ ಐಸಿಯುನಲ್ಲಿ ಒಂದು ಬೆಡ್‌ಗೆ ಒಬ್ಬ ನರ್ಸ್ ಇರಬೇಕು. ನಿಮಗೆ ಎಷ್ಟು ಬೆಡ್ ಕೊಡುತ್ತಾರೆ ಅಂತ ನೀವು ಬರೆದಿಲ್ಲ, ನಾನೂ ಕೇಳಲ್ಲ, ಅಂದಾಜಿದೆ. ಎರಡು ಗಂಟೆಗೊಮ್ಮೆ ಪೇಷಂಟ್ ಮಲಗಿರುವ ಪೊಸಿಷನ್ ಬದಲಿಸಬೇಕು, ಕೈ ಸಾಲಲ್ಲ, ಬೆಡ್‌ಸೋರ್ ಬರುತ್ತದೆ, ಚಾರ್ಟ್‌ನಲ್ಲಿ ಮಾತ್ರ ಟಿಕ್ ಬಿದ್ದಿರುತ್ತದೆ. ನನಗೂ ಬೆಳಗ್ಗೆ ಮುಂದಿನ ಶಿಫ್ಟ್‌ನವರಿಗೆ ಹ್ಯಾಂಡೋವರ್ ಮಾಡುವ ಮುಂಚೆ 'ಸುಮ್ನೆ ಟಿಕ್ ಹಾಕಮ್ಮ' ಅಂದಿದ್ದರು. ನಾನು ಹಾಕಲಿಲ್ಲ. ನರ್ಸಸ್ ನೋಟ್ಸ್‌ನಲ್ಲಿ ಪೊಸಿಷನ್ ಬದಲಿಸಿಲ್ಲ, ಸ್ಟಾಫ್ ಇಷ್ಟು, ಪೇಷಂಟ್ ಇಷ್ಟು, ಇಂಥ ಟೈಮಿಗೆ ಸೂಪರ್‌ವೈಸರ್‌ಗೆ ಹೇಳಿದೆ ಅಂತ ಬರೆದೆ. ಮುಂದಿನ ರೋಸ್ಟರ್‌ನಲ್ಲಿ ಸಾಲಾಗಿ ನೈಟ್ ಬಿತ್ತು ಅನ್ನಿ. ಆದರೆ ಮನೆಗೆ ಹೋಗಿ ಮಲಗಿದಾಗ ಮನಸ್ಸು ಕೊರೆಯಲಿಲ್ಲ. ನಾಳೆ ಕೇಸ್ ಗೀಸ್ ಅಂತ ಬಂದರೂ ನಿಮ್ಮ ಪರ ನಿಲ್ಲುವುದು ಆ ನೋಟ್ಸ್ ಒಂದೇ. ಸುಳ್ಳು ಬರೆಯಲೇಬೇಕು ಅಂತ ಪದೇ ಪದೇ ಒತ್ತಾಯ ಮಾಡುವ ಜಾಗವಾದರೆ ಅಲ್ಲಿ ಒಂದು ತಿಂಗಳೂ ಇರಬೇಡಿ.

ಸಂಬಳದ ಕಥೆ ನಿಮಗೇ ಗೊತ್ತು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಕೇಂದ್ರ ಸಮಿತಿ 2016ರಲ್ಲೇ ಶಿಫಾರಸು ಮಾಡಿತ್ತು: 200ಕ್ಕಿಂತ ಜಾಸ್ತಿ ಬೆಡ್ ಇರುವ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸ್‌ಗೆ ಸಮ ಸಂಬಳ, 50 ಬೆಡ್‌ಗಿಂತ ಚಿಕ್ಕದಾದರೂ ಕನಿಷ್ಠ 20 ಸಾವಿರ. ಪಾಲಿಸಿದ ಆಸ್ಪತ್ರೆಯನ್ನು ನಾನಂತೂ ಕಂಡಿಲ್ಲ. ಮೇ 12, ನರ್ಸ್‌ಗಳ ದಿನ ಬಂದರೆ ಮಾತ್ರ ಕೇಕ್, ಬಲೂನು, 'ಬಿಳಿ ಉಡುಪಿನ ದೇವತೆಯರು' ಅಂತ ಭಾಷಣ. ದೇವತೆ ಅಂದುಬಿಟ್ಟರೆ ಊಟದ ಬ್ರೇಕ್ ಕೊಡಬೇಕಿಲ್ಲವಲ್ಲ!

ಜಾಗ ಬದಲಿಸುವುದು ಅಂದರೆ ಇನ್ನೊಂದು ಐಸಿಯು ಅಂತಲ್ಲ. ನಾನು ಪಾಲಿಯೇಟಿವ್ ಕೇರ್ ಕಡೆ ಬಂದೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಒಮ್ಮೆ ಹೋಗಿ ನೋಡಿ, ಕೊನೆ ಹಂತದ ಕ್ಯಾನ್ಸರ್ ಪೇಷಂಟ್‌ಗಳನ್ನು ಅಲ್ಲಿ ಉಚಿತವಾಗಿ ನೋಡಿಕೊಳ್ಳುತ್ತಾರೆ. ಸಾವು ಐಸಿಯುಗಿಂತ ಜಾಸ್ತಿಯೇ ಇರುತ್ತದೆ, ಆದರೂ ಈ ಕೆಲಸದಲ್ಲಿ ನನಗೆ ಆ ಹಳೇ ಸಂಕಟ ಇಲ್ಲ. ನೋವು ಕಡಿಮೆ ಮಾಡುವುದೇ ಕೆಲಸ, ಮನೆಯವರಿಗೆ ನಿಜ ಹೇಳಬಹುದು. ಇದು ನಿಮಗೆ ಬೇಡ ಅನಿಸಿದರೆ ಸರ್ಕಾರಿ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆ ಇದೆ, ಡಯಾಲಿಸಿಸ್ ಇದೆ, ಕಾಲೇಜಲ್ಲಿ ಟ್ಯೂಟರ್ ಕೆಲಸ ಇದೆ. ಫಾರಿನ್‌ಗೆ ಹೋದರೆ ಎಲ್ಲ ಸರಿಹೋಗತ್ತೆ ಅಂತ ಮಾತ್ರ ಅಂದುಕೊಳ್ಳಬೇಡಿ. ಸಂಬಳ ಜಾಸ್ತಿ ಆಗುತ್ತದೆ, ನಿಜ. ಆದರೆ ಈ ಸಂಕಟದ ಬಗ್ಗೆ ಮೊದಲು ಬರೆದಿದ್ದೇ ಅಲ್ಲಿಯವರು, ಅಲ್ವಾ?

ಇದೆಲ್ಲ ಮಾಡಿಯೂ ಯೂನಿಫಾರ್ಮ್ ಕಂಡರೇ ಬೇಡ ಅನಿಸಿದರೆ ಬಿಡಿ, ಅದರಲ್ಲಿ ನಾಚಿಕೆ ಇಲ್ಲ. ಸದ್ಯಕ್ಕೆ ನಿದ್ದೆ ಬರುತ್ತಿಲ್ಲ, ಪೇಷಂಟ್ ಹೋದರೂ ಏನೂ ಅನಿಸುತ್ತಿಲ್ಲ ಅನ್ನುವ ಹಂತ ಇದ್ದರೆ ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮತ್ತೆ, ರಿಸೈನ್ ಲೆಟರ್ ಕೊಡುವ ಮುಂಚೆ ಒರಿಜಿನಲ್ ಸರ್ಟಿಫಿಕೇಟ್‌ಗಳು ಯಾರ ಕೈಯಲ್ಲಿವೆ ನೋಡಿಕೊಳ್ಳಿ. ಸೇರುವಾಗ ಎಚ್‌ಆರ್‌ನವರು ಇಟ್ಟುಕೊಂಡಿದ್ದರೆ ಏನಾದರೂ ಕಾರಣ ಹೇಳಿ ಮೊದಲು ಈಸ್ಕೊಳ್ಳಿ. ಲೆಟರ್ ಆಮೇಲೆ.