ಊರಿನ ಕ್ಯಾಲೆಂಡರ್, ನ್ಯೂಜೆರ್ಸಿಯ ತಿಥಿ

ಊರಿಂದ ತಂದ ಕ್ಯಾಲೆಂಡರ್ ಮಂಗಳವಾರ ಅನ್ನುತ್ತದೆ, ನ್ಯೂಜೆರ್ಸಿಯ ದೇವಸ್ಥಾನ ಸೋಮವಾರ ಅನ್ನುತ್ತದೆ, ಅಪ್ಪನ ತಿಥಿ ಯಾವತ್ತು ಮಾಡಲಿ ಎಂದು ಕೇಳಿದ್ದೀರಿ. ಊರಿನ ದಿನ ಬಿಟ್ಟರೆ ಆಚಾರವೇ ಬಿಟ್ಟಂತೆ ಎಂಬ ಅಳುಕು ಬೇಡ.

ತಿಥಿ ತಾರೀಖಲ್ಲ. ಚಂದ್ರ ಸೂರ್ಯನಿಂದ 12 ಡಿಗ್ರಿ ದೂರ ಸರಿಯಲು ಹಿಡಿಯುವ ಹೊತ್ತು, ಸುಮಾರು 19ರಿಂದ 26 ಗಂಟೆ. ಅದು ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಆಗ ನಿಮ್ಮ ಕಿಟಕಿಯಾಚೆ ಹಗಲೋ ಇರುಳೋ ಎಂಬುದಷ್ಟೇ ಬೇರೆ.

ಲೆಕ್ಕ ಹೀಗೆ. ಪಂಚಾಂಗದಲ್ಲಿ ಮಂಗಳವಾರ ತಿಥಿಯ ಮುಂದೆ 5 ಘಳಿಗೆ ಎಂದಿದೆ ಅಂದುಕೊಳ್ಳಿ. ಅದನ್ನು 5 ಗಂಟೆ ಎಂದು ಓದಿ ಎಡವುವವರೇ ಹೆಚ್ಚು. ಒಂದು ಘಳಿಗೆಗೆ 24 ನಿಮಿಷ, ಎಣಿಕೆ ಅಲ್ಲಿನ ಸೂರ್ಯೋದಯದಿಂದ. ಊರಲ್ಲಿ ಸೂರ್ಯೋದಯ 6ಕ್ಕಾದರೆ ತಿಥಿ ಮುಗಿಯುವುದು ಬೆಳಿಗ್ಗೆ 8ಕ್ಕೆ. ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ ಕಳೆಯಿರಿ (ಚಳಿಗಾಲದಲ್ಲಿ ಹತ್ತೂವರೆ): ನಿಮಗದು ಸೋಮವಾರ ರಾತ್ರಿ 10:30. ಮಂಗಳವಾರ ನಿಮಗೆ ಬೆಳಗಾಗುವಾಗ ಆ ತಿಥಿ ಇಲ್ಲವೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ಎಲ್ಲ ಹಬ್ಬವೂ ಸೂರ್ಯೋದಯ ನೋಡುವುದಿಲ್ಲ. ಯುಗಾದಿ ನೋಡುತ್ತದೆ, ಗಣೇಶ ಚೌತಿಗೆ ಮಧ್ಯಾಹ್ನ, ಶಿವರಾತ್ರಿಗೆ ನಡುರಾತ್ರಿ ತಿಥಿ ಇರಬೇಕು. ಶ್ರಾದ್ಧಕ್ಕೆ ಅಪರಾಹ್ನ, ಅಂದರೆ ಹಗಲನ್ನು ಐದು ಪಾಲು ಮಾಡಿದಾಗ ನಾಲ್ಕನೆಯದು. ಡಿಸೆಂಬರ್ ಕೊನೆಯಲ್ಲಿ ನಿಮ್ಮಲ್ಲಿ ಹಗಲು ಒಂಬತ್ತೂಕಾಲು ಗಂಟೆ, ಪಾಲಿಗೆ 111 ನಿಮಿಷ. ಸೂರ್ಯ 7:17ಕ್ಕೆ ಹುಟ್ಟಿದರೆ ಅಪರಾಹ್ನ 12:50ರಿಂದ 2:41. ಆಫೀಸಿಗೆ ಹೊರಡುವ ಮುಂಚೆ 7ಕ್ಕೇ ಪಿಂಡ ಇಟ್ಟು ಮುಗಿಸುವವರಿದ್ದಾರೆ. ಅದು ಹೊತ್ತಲ್ಲ, ರಜೆ ಹಾಕಿ. ಎರಡೂ ದಿನ ಅಪರಾಹ್ನದಲ್ಲಿ ತಿಥಿ ಸಿಕ್ಕರೆ, ಅಥವಾ ಎರಡೂ ದಿನ ಸಿಗದಿದ್ದರೆ ಮಾತ್ರ ಪುರೋಹಿತರನ್ನು ಕೇಳಿ.

ತೀರಿಕೊಂಡ ತಿಥಿ ಯಾವುದೆಂಬ ಗೊಂದಲವೇ ಇಲ್ಲ. ಆ ಕ್ಷಣದಲ್ಲಿ ಎಲ್ಲ ದೇಶದಲ್ಲೂ ಅದೇ ತಿಥಿ, ತಾರೀಖು ಬೇರೆಯಿದ್ದರೂ. ಮಾಸದ ಹೆಸರಲ್ಲಿ ಮಾತ್ರ ಹುಷಾರು: ದೇವಸ್ಥಾನ ಉತ್ತರದವರದ್ದಾದರೆ ಹುಣ್ಣಿಮೆಗೆ ಮಾಸ ಮುಗಿಸುತ್ತಾರೆ, ನಮ್ಮದು ಅಮಾವಾಸ್ಯೆಗೆ. ಹಾಗಾಗಿ ನಮ್ಮ ಮಾಘ ಬಹುಳ (ಕೃಷ್ಣಪಕ್ಷ) ಅವರಿಗೆ ಫಾಲ್ಗುಣ ಕೃಷ್ಣ. ಹೆಸರು ನೋಡಿ ಹುಡುಕಿದರೆ ಒಂದು ತಿಂಗಳು ತಪ್ಪುತ್ತೀರಿ.

ಗ್ರಹಣ ನಿಮ್ಮ ಆಕಾಶದಲ್ಲಿ ಕಾಣದಿದ್ದರೆ ಆಚರಣೆಯೂ ಇಲ್ಲ, ಅಮ್ಮ ಫೋನಿನಲ್ಲಿ ಏನೇ ಅನ್ನಲಿ. ಸೋಮವಾರದ ರಾಹುಕಾಲ ಏಳೂವರೆಗೆ ಎಂಬುದು ಹನ್ನೆರಡು ಗಂಟೆ ಹಗಲಿನ ಲೆಕ್ಕ, ನಿಮಗೆ ಹೊಂದದು.

ಕರ್ಮದ ಆರಂಭದಲ್ಲಿ ಕಾಲ, ಸ್ಥಳ ಹೇಳುವ ಸಂಕಲ್ಪದಲ್ಲಿ ಕೆಲವು ಪುರೋಹಿತರು ಅಮೆರಿಕದಲ್ಲಿ ‘ಜಂಬೂದ್ವೀಪೇ’ ಬದಲು ‘ಕ್ರೌಂಚದ್ವೀಪೇ’ ಅನ್ನಿಸುತ್ತಾರೆ. ಆ ದ್ವೀಪ ಅಮೆರಿಕವೇ ಹೌದೋ ಅಲ್ಲವೋ, ನಿಂತ ನೆಲವನ್ನು ಹೆಸರಿಸದೆ ಸಂಕಲ್ಪ ಮುಂದಕ್ಕೆ ಹೋಗುವುದಿಲ್ಲ. ಅಲ್ಲೇ ಇದೆಯಲ್ಲ, ಯಾವೂರಿನ ಸೂರ್ಯನನ್ನು ನೋಡಿ ದಿನ ಹಿಡಿಯಬೇಕು ಎಂಬ ನಿಮ್ಮ ಪ್ರಶ್ನೆಗೆ ಉತ್ತರ.